ನೇತ್ರಶಿಬಿರವೂ ಊರಿನ ಸಂಘವೂ

ನಮ್ಮ ನಾಡಿನ ಯಾವುದಾದರೊಂದು ತಾಲ್ಲೂಕು ಕೇಂದ್ರವನ್ನು ಪ್ರವೇಶಿಸುವ ಪ್ರಯಾಣಿಕನಿಗೆ, ಊರಿನ ಹೆಸರನ್ನು ಹೊತ್ತ ಕಲ್ಲಿನ ಬಳಿಯಲ್ಲಿಯೇ, ಲಯನ್ಸ್ ಸಂಸ್ಥೆಯದೋ ರೋಟರಿ ಸಂಸ್ಥೆಯದೋ ಲಾಂಛನವನ್ನು ಧರಿಸಿದ ಸ್ವಾಗತಫಲಕವೊಂದು ಕಾಣಸಿಗುವುದುಂಟು. ಆ ಲಾಂಛನದ ಹಿಂದಿರುವವರು ಯಾರೆಂದು ವಿಚಾರಿಸಿದರೆ, ಜವಳಿಯ ವರ್ತಕರು, ಔಷಧದ ಅಂಗಡಿಯವರು, ವಕೀಲರು, ಅಡಿಕೆಮಂಡಿಯ ಮಾಲೀಕರು, ನಿವೃತ್ತ ಉಪಾಧ್ಯಾಯರು, ಜೀವವಿಮೆಯ ಏಜೆಂಟರು, ಒಬ್ಬಿಬ್ಬರು ವೈದ್ಯರು, ಹೀಗೆ ಬೇರೆ ಬೇರೆ ವೃತ್ತಿಯ ಕೆಲವು ಹತ್ತು ಮಂದಿ ನಿಯತವಾಗಿ ಸಭೆ ಸೇರಿ, ತಮ್ಮ ದುಡಿಮೆಯಲ್ಲಿ ಸ್ವಲ್ಪವನ್ನೂ ತಮ್ಮ ಬಿಡುವಿನಲ್ಲಿ ಬಹುಭಾಗವನ್ನೂ ಊರಿಗಾಗಿ ತೆಗೆದಿರಿಸಿಕೊಂಡಿರುವ ಸಂಗತಿ ತಿಳಿದುಬರುತ್ತದೆ. ಬಸ್ ನಿಲ್ದಾಣದಲ್ಲಿ ಕುಡಿಯುವ ನೀರಿನ ಏರ್ಪಾಟು, ಸರಕಾರಿ ಶಾಲೆಗೆ ಬೆಂಚು ಮೇಜು, ರಕ್ತದಾನ, ಸಸಿ ನೆಡುವುದು, ಬಡ ವಿದ್ಯಾರ್ಥಿಗಳಿಗೆ ಪುಸ್ತಕ, ಇವೆಲ್ಲ ಅವರು ಕೈಗೊಳ್ಳುವ ಕಾರ್ಯಗಳು, ಎಲ್ಲವೂ ಬೇಕಾದವುಗಳೇ. ಆದರೆ ಇವುಗಳ ಪೈಕಿ ಒಂದು ಕಾರ್ಯಕ್ಕೆ ವಿಶೇಷವಾದ ಮಹತ್ತ್ವವುಂಟೆಂದು ನಾನು ಭಾವಿಸುತ್ತೇನೆ. ಅದು ಕಣ್ಣಿನ ಶಿಬಿರ.

ಶಸ್ತ್ರವನ್ನು ಹಿಡಿಯುವ ಕೈ ವೈದ್ಯನದು; ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಆದರೆ ದೂರದ ಹಳ್ಳಿಯೊಂದರ ಜಗಲಿಯ ಮೇಲೆ ಗೋಡೆಗೊರಗಿ, ಬಂದವರನ್ನು ದನಿಯಿಂದ ಮಾತ್ರ ಗುರುತಿಸುತ್ತ ಕುಳಿತಿರುವ ವೃದ್ಧೆಯೊಬ್ಬಳನ್ನು ಕಂಡು, ಅವಳ ಅಂಧತ್ವ ನೀಗತಕ್ಕದ್ದೆಂಬುದನ್ನು ಅವಳಿಗೂ ಮನೆಯವರಿಗೂ ತಿಳಿಯಹೇಳಿ, ಅಂಜಿಕೆಯನ್ನು ಬಿಡಿಸಿ, ಆಸ್ಪತ್ರೆಗೆ ಕರೆದೊಯ್ದು, ಮತ್ತೆ ಮನೆ ಸೇರಿಸಿ, ತಿಂಗಳ ತರುವಾಯ ಪುನಃ ಹೋಗಿ ವಿಚಾರಿಸಿಕೊಂಡು ಬರುವ ಕೈಗಳು ಅನೇಕ. ವೈದ್ಯಶಾಸ್ತ್ರ ಎಷ್ಟು ಮುಂದುವರಿದರೂ ಈ ಕೆಲಸವನ್ನು ತಾನೇ ಮಾಡಲಾರದು. ಸರಕಾರದ ಆಜ್ಞೆಯೊಂದರಿಂದಲೇ ಇದು ನೆರವೇರತಕ್ಕದ್ದೂ ಅಲ್ಲ. ಊರಿನ ಸಂಘದ ಸೇವೆಗೆ ನಿಜವಾದ ಎಡೆ ಇರುವುದು ಇಲ್ಲಿಯೇ.

ಪರರಿಗಾಗಿ ಅರವಟ್ಟಿಗೆಯನ್ನಿಡುವುದು, ಕೆರೆಯನ್ನು ಕಟ್ಟಿಸುವುದು, ಛತ್ರದಲ್ಲಿ ದಾರಿಗರಿಗೆ ಅನ್ನವಿಕ್ಕುವುದು ನಮ್ಮಲ್ಲಿ ಹೊಸತಲ್ಲ. ನಮ್ಮ ಶಿಲಾಶಾಸನಗಳಲ್ಲಿ ಕೆರೆ ದೇಗುಲಗಳ ದತ್ತಿಯನ್ನು ಕುರಿತವು ಎಷ್ಟೋ ಉಂಟು. ಆದರೆ ಆ ಧರ್ಮಕಾರ್ಯಗಳು ಬಹುಮಟ್ಟಿಗೆ ಒಬ್ಬ ದಾನಿಯ, ಒಂದು ಮನೆತನದ, ಒಂದು ಮಠದ ಆಶ್ರಯದಲ್ಲಿ ನಡೆದವು. ಒಂದೇ ಜಾತಿಗಾಗಲಿ ಒಂದೇ ಕಸುಬಿಗಾಗಲಿ ಸೇರದ ಜನರು, ಸಭೆಗೆ ಗೊತ್ತಾದ ವೇಳೆಯನ್ನೂ ಹಣಕ್ಕೆ ಗೊತ್ತಾದ ಲೆಕ್ಕವನ್ನೂ ಇಟ್ಟುಕೊಂಡು, ವರ್ಷಕ್ಕೊಬ್ಬರನ್ನು ಅಧ್ಯಕ್ಷಸ್ಥಾನದಲ್ಲಿ ಕೂರಿಸಿ ಕೆಲಸ ಮಾಡುವ ಈಗಿನ ಕ್ರಮ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ರೂಪುಗೊಂಡದ್ದು. 1905ರ ಫೆಬ್ರವರಿ 23ರಂದು ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಪರಿಚಿತರೊಡನೆ ಕಲೆತು ಆರಂಭಿಸಿದ ಕೂಟವೇ ರೋಟರಿ. ಆ ಕೂಟ ಕೈಗೊಂಡ ಮೊದಮೊದಲ ಲೋಕೋಪಯೋಗಿ ಕಾರ್ಯವಾದರೋ ನಗರದಲ್ಲಿ ಸಾರ್ವಜನಿಕ ಶೌಚಗೃಹವನ್ನು ಸ್ಥಾಪಿಸಲು ಯತ್ನಿಸಿದ್ದು. ಅದೇ ನಗರದ ವಿಮಾ ವ್ಯವಹಾರಸ್ಥ ಮೆಲ್ವಿನ್ ಜೋನ್ಸ್ ಅವರ ಪ್ರಯತ್ನದಿಂದ 1917ರಲ್ಲಿ ಲಯನ್ಸ್ ಸಂಸ್ಥೆ ಹುಟ್ಟಿತು.

ಲಯನ್ಸ್ ಸಂಸ್ಥೆಯ ಗಮನ ದೃಷ್ಟಿಹೀನರ ಕಡೆಗೆ ತಿರುಗಿದುದು ಒಬ್ಬ ಮಹಿಳೆಯ ಭಾಷಣದಿಂದ. ಹತ್ತೊಂಬತ್ತು ತಿಂಗಳ ಕೂಸಾಗಿದ್ದಾಗ ಜಡ್ಡಿನಿಂದ ಕಣ್ಣು ಕಿವಿಗಳೆರಡನ್ನೂ ಕಳೆದುಕೊಂಡು, ಆ ಮೇಲೆ ವಿದ್ಯೆ ಕಲಿತು ಪದವೀಧರೆಯಾಗಿ, ಲೇಖಕಿಯಾಗಿ ಜಗದ್ವಿಖ್ಯಾತಳಾದ ಹೆಲೆನ್ ಕೆಲರ್ 1925ರ ಜೂನ್ 30ರಂದು ಒಹಾಯೊ ಪ್ರಾಂತ್ಯದಲ್ಲಿ ಸೇರಿದ್ದ ಸಂಸ್ಥೆಯ ಅಧಿವೇಶನಕ್ಕೆ ಬಂದು, ಕತ್ತಲೆಯ ವಿರುದ್ಧ ಹೋರಾಡುವ ಅಂಧರ ಯೋಧರಾಗಿರೆಂದು ಸದಸ್ಯರನ್ನು ಬೇಡಿಕೊಂಡಳು. ಆ ಬೇಡಿಕೆಯನ್ನು ಸಂಸ್ಥೆ ಸ್ವೀಕರಿಸಿತು. 1956ರಲ್ಲಿ ಮುಂಬಯಿಯ ಮೂಲಕ ಲಯನ್ಸ್ ಸಂಸ್ಥೆ ಭಾರತವನ್ನು ಪ್ರವೇಶಿಸಿದಾಗ ಆ ದೀಕ್ಷೆಯೂ ಅದರೊಡನೆ ಬಂದಿತು; ಬಂದ ನೆಲದಲ್ಲಿ ಅದಕ್ಕೆ ಮಾಡಲು ಕೆಲಸ ಅಪಾರವಾಗಿತ್ತು.

ಕೆಲಸ ಅಪಾರವಾಗಿತ್ತೆನ್ನಲು ಕಾರಣ ಕಣ್ಣಿನ ಪೊರೆ. ಪೊರೆಯೆಂದೊಡನೆ ಕಣ್ಣಿನ ಮೇಲೆ ಹೊರಗಿನಿಂದ ಬೆಳೆದ ತೊಗಲೆಂದು ಅನೇಕರು ತಿಳಿದಿದ್ದಾರೆ, ಅದು ಹಾಗಲ್ಲ. ಪಾಪೆಯ ಹಿಂಬದಿಯಲ್ಲಿ, ಒಳಬಂದ ಬೆಳಕನ್ನು ಅಕ್ಷಿಪಟಲದ ಮೇಲೆ ಕೇಂದ್ರೀಕರಿಸುವ ಸ್ವಚ್ಛವಾದ ಮಸೂರವೊಂದಿದೆ. ವಯಸ್ಸಾದಂತೆ ಅದರೊಳಗಿನ ಸಸಾರಜನಕ ವಸ್ತು ವಿಕಾರಹೊಂದಿ, ಬೇಯುವ ಮೊಟ್ಟೆಯ ತಿಳಿಭಾಗ ಬೆಳ್ಳಗಾಗುವಂತೆ, ಕ್ರಮೇಣ ಅಪಾರದರ್ಶಕವಾಗುತ್ತದೆ. ಸಕ್ಕರೆ ಕಾಯಿಲೆ, ತಂಬಾಕು, ಕಣ್ಣಿಗೆ ಬಿದ್ದ ಪೆಟ್ಟು, ವೈದ್ಯರನ್ನು ಕೇಳದೆ ಬಹುಕಾಲ ಬಳಸಿದ ಸ್ಟೆರಾಯ್ಡ್ ಹನಿಗಳು ಇದನ್ನು ಬೇಗನೆ ತರುತ್ತವೆ. ಇದಕ್ಕೆ ಸೊಪ್ಪಿನ ರಸವಾಗಲಿ ಅಂಜನವಾಗಲಿ ಮದ್ದಲ್ಲ. ಮಬ್ಬಾದ ಮಸೂರವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದೊಂದೇ ಉಪಾಯ, ಮತ್ತು ಆ ಉಪಾಯ ಫಲಿಸುವುದು ಬಹುಪಾಲು ನಿಶ್ಚಿತ. 2015ರಿಂದ 2019ರವರೆಗೆ ದೇಶದಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಐವತ್ತು ವರ್ಷ ಮೀರಿದವರಲ್ಲಿ ಕಂಡುಬಂದ ಅಂಧತ್ವದಲ್ಲಿ ಶೇಕಡ 66.2 ಪೊರೆಯಿಂದಾದದ್ದು. ಎಂದರೆ ಕಣ್ಣು ಕಾಣದೆ ಕುಳಿತಿರುವ ಮೂವರು ವೃದ್ಧರಲ್ಲಿ ಇಬ್ಬರಿಗೆ ದೃಷ್ಟಿಯನ್ನು ಮರಳಿ ಕೊಡುವುದು ನಮ್ಮ ಕೈಯಲ್ಲಿಯೇ ಇದ್ದೂ, ಅವರು ಕತ್ತಲೆಯಲ್ಲಿದ್ದಾರೆ. ಈ ಸಂಗತಿಯನ್ನು ಅರಿತ ಮೇಲೆ ಸುಮ್ಮನೆ ಕುಳಿತಿರುವುದು ಸಹೃದಯನಿಗೆ ಸಾಧ್ಯವಾಗದು.

ಕರ್ನಾಟಕದಲ್ಲಿ ಕಣ್ಣಿನ ಶಿಬಿರದ ಮಾತು ಬಂದಾಗ ಡಾ. ಎಂ. ಸಿ. ಮೋದಿಯವರನ್ನು ನೆನೆಯದೆ ಮುಂದೆ ಹೋಗುವುದು ಅಸಾಧ್ಯ. ಆಗ ಬಿಜಾಪುರ ಜಿಲ್ಲೆಗೆ ಸೇರಿದ್ದು ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಅವರು, ಗಾಂಧೀಜಿಯವರ ಪ್ರಭಾವಕ್ಕೆ ಒಳಗಾಗಿ, ನಗರದಲ್ಲಿ ಕುಳಿತು ಸಂಪಾದಿಸಬಹುದಾಗಿದ್ದ ವೃತ್ತಿಯನ್ನು ಹಳ್ಳಿಗಳ ಕಡೆಗೆ ಒಯ್ದರು. 1943ರಿಂದ ಮೊದಲ್ಗೊಂಡು ಅರ್ಧಶತಮಾನದ ಕಾಲ ಸಲಕರಣೆಗಳೊಡನೆ ಊರಿಂದೂರಿಗೆ ಸಂಚರಿಸುತ್ತ, ಹಣವನ್ನು ಬೇಡದೆ, ಸಾಮೂಹಿಕ ನೇತ್ರಚಿಕಿತ್ಸೆಯನ್ನು ನಡೆಸಿದರು. 1993ರ ಆದಿಯ ವೇಳೆಗೆ ಅವರು ಮಾಡಿದ್ದ ಶಸ್ತ್ರಚಿಕಿತ್ಸೆಗಳ ಸಂಖ್ಯೆ 6 ಲಕ್ಷವನ್ನು ಮೀರಿದ್ದಿತು. ಅವರು ಕಾಲಿಟ್ಟ ಗ್ರಾಮಗಳು 46 ಸಾವಿರಕ್ಕೂ ಹೆಚ್ಚು. ಬೆಂಗಳೂರಿನಲ್ಲಿ ಇಂದಿಗೂ ಮೋದಿ ಆಸ್ಪತ್ರೆ ರಸ್ತೆಯೆಂದರೆ ಆಟೋ ಚಾಲಕರೆಲ್ಲರಿಗೂ ಗೊತ್ತು.

ತಿರುಪತಿಯಲ್ಲಿ 1968ರಲ್ಲಿ ಒಂದೇ ದಿನ 833 ಮಂದಿಗೆ ಅವರು ಪೊರೆಯ ಶಸ್ತ್ರಚಿಕಿತ್ಸೆ ಮಾಡಿದರೆಂಬ ದಾಖಲೆಯನ್ನು ಕೇಳಿ ಜನ ಬೆರಗಾಗುತ್ತಾರೆ, ಬೆರಗಾಗುವುದು ಯುಕ್ತವೇ. ಆದರೆ ಆ ಸಂಖ್ಯೆಯನ್ನು ಸ್ವಲ್ಪ ಸಾವಧಾನವಾಗಿ ಪರಿಶೀಲಿಸಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಇಪ್ಪತ್ತನಾಲ್ಕು ಗಂಟೆಗಳೂ ಎಡೆಬಿಡದೆ ದುಡಿದರೂ ಒಬ್ಬೊಬ್ಬ ರೋಗಿಗೆ ಎರಡು ನಿಮಿಷವೂ ದೊರಕದು. ಹಾಗಿದ್ದ ಮೇಲೆ, ಆ ಎಂಟುನೂರು ಚಿಲ್ಲರೆ ಜನರ ಹೆಸರು ಬರೆದುಕೊಂಡವರು, ಯಾವ ಕಣ್ಣೆಂಬುದನ್ನು ಗುರುತಿಟ್ಟವರು, ಮುಖ ತೊಳೆಸಿ, ಮೇಜಿನ ಮೇಲೆ ಮಲಗಿಸಿ, ಪಟ್ಟಿ ಕಟ್ಟಿದ ಮೇಲೆ ಮೆಲ್ಲನೆ ಎತ್ತಿ ಒಯ್ದವರು, ಗಂಜಿ ಕುಡಿಸಿದವರು, ರಾತ್ರಿ ದೀಪ ಹಿಡಿದು ಎಚ್ಚರವಿದ್ದವರು ಎಷ್ಟು ಜನರಿದ್ದಿರಬೇಕು! ವೈದ್ಯರ ಕೈಚಳಕ ಅದ್ಭುತವೇ ಸರಿ. ಆದರೆ ಅದು ಅಷ್ಟು ವೇಗದಿಂದ ನಡೆಯಲು ಸಾಧ್ಯವಾದದ್ದು ಅದರ ಸುತ್ತ ಇದ್ದ ಜನಬಲದಿಂದ. ಅವರಲ್ಲಿ ಯಾರ ಹೆಸರೂ ಯಾವ ದಾಖಲೆಯ ಪುಸ್ತಕದಲ್ಲಿಯೂ ಇಲ್ಲ.

ಆ ಕಾಲದ ಶಿಬಿರಗಳ ಸ್ವರೂಪವನ್ನು ಈಗಿನ ತರುಣರು ಊಹಿಸಿಕೊಳ್ಳುವುದು ಕಷ್ಟ. ಬೇಸಗೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಕಣ್ಣು ಕೂಡದೆಂಬ ನಂಬಿಕೆ ಜನರಲ್ಲಿ ಬಲವಾಗಿದ್ದುದರಿಂದ, ಸುಗ್ಗಿ ಮುಗಿಯುವ ಚಳಿಗಾಲದಲ್ಲಿಯೇ ಶಿಬಿರ. ಶಾಲೆಯ ಕೊಠಡಿ, ಛತ್ರ, ಕಲ್ಯಾಣಮಂಟಪ, ಇವೇ ಶಸ್ತ್ರಾಗಾರ. ಶಸ್ತ್ರಚಿಕಿತ್ಸೆಯಾದವರು ಸಾಲಾಗಿ ಹಾಸಿದ ಹಾಸಿಗೆಗಳ ಮೇಲೆ ಕೆಲವು ದಿನ ತಲೆಯನ್ನು ಅಲುಗಿಸದೆ ಮಲಗಿರಬೇಕು, ಏಕೆಂದರೆ ಮಸೂರವನ್ನು ಅದರ ಕೋಶಸಮೇತ ತೆಗೆಯಲು ಆಗ ದೊಡ್ಡ ಗಾಯವನ್ನೇ ಮಾಡಬೇಕಾಗಿತ್ತು. ಕೆಮ್ಮು ಬಂದರೂ ಭಯ, ಸೀನು ಬಂದರೂ ಭಯ. ಅಷ್ಟೂ ದಿನ ಊಟ ಉಣಿಸುವುದಕ್ಕೂ ಶೌಚಕ್ಕೆ ಸಹಾಯ ಮಾಡುವುದಕ್ಕೂ ಊರಿನವರೇ ಆಗಬೇಕು. ಪಟ್ಟಿ ಬಿಚ್ಚಿದ ಮೇಲೆ ದೊರಕುತ್ತಿದ್ದುದು ಸೋಡಾಬುಡ್ಡಿಯೆಂದು ಮಕ್ಕಳು ಕರೆಯುತ್ತಿದ್ದ ದಪ್ಪಗಾಜಿನ ಕನ್ನಡಕ. ಅದರಲ್ಲಿ ವಸ್ತುಗಳು ಇದ್ದುದಕ್ಕಿಂತ ದೊಡ್ಡವಾಗಿಯೂ ಸಮೀಪವಾಗಿಯೂ ತೋರುತ್ತಿದ್ದವು. ಮೆಟ್ಟಿಲಿಳಿಯುವಾಗ ಹೆಜ್ಜೆ ತಪ್ಪುತ್ತಿತ್ತು. ಆ ಕನ್ನಡಕ ಒಡೆದ ದಿನ ಅಜ್ಜಿ ಮತ್ತೆ ಕುರುಡಿಯಾಗುತ್ತಿದ್ದಳು.

ಈ ಕಷ್ಟವನ್ನು ಕಳೆದ ಉಪಾಯ ಯುದ್ಧದ ಅನುಭವದಿಂದ ಬಂದಿತು. ಯುದ್ಧವಿಮಾನದ ಗವಾಕ್ಷಿಯ ಪ್ಲಾಸ್ಟಿಕ್ ಚೂರುಗಳು ಕಣ್ಣಿಗೆ ಹೊಕ್ಕಿದ್ದ ಬ್ರಿಟಿಷ್ ವಿಮಾನಚಾಲಕರಲ್ಲಿ ಆ ಚೂರುಗಳು ಕಣ್ಣನ್ನು ಕೆರಳಿಸದೆ ಉಳಿದುದನ್ನು ಗಮನಿಸಿದ ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ, ಅದೇ ಜಾತಿಯ ವಸ್ತುವಿನಿಂದ ಮಸೂರವನ್ನು ಮಾಡಿಸಿ 1949ರ ನವೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯ ಕಣ್ಣೊಳಗೆ ಇರಿಸಿದರು. ಆದರೆ ಅದು ಭಾರತದ ಬಡವನ ಕಣ್ಣನ್ನು ಮುಟ್ಟಲು ದಶಕಗಳೇ ಬೇಕಾದವು. ವಿದೇಶದಿಂದ ಬರುತ್ತಿದ್ದ ಮಸೂರದ ಬೆಲೆ ಶಿಬಿರಕ್ಕೆ ಎಟುಕುವಂತಿರಲಿಲ್ಲ. ಮಧುರೆಯ ಅರವಿಂದ ನೇತ್ರಾಲಯ ತನ್ನದೇ ಕಾರ್ಖಾನೆಯನ್ನು 1992ರಲ್ಲಿ ತೆರೆದು ಅಲ್ಪಬೆಲೆಗೆ ಮಸೂರಗಳನ್ನು ತಯಾರಿಸತೊಡಗಿದ ಮೇಲೆ ಪರಿಸ್ಥಿತಿ ಬದಲಾಯಿತು. ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಿಂದಲೇ ಶಸ್ತ್ರವಿದ್ಯೆಯನ್ನು ಸಾಧಿಸಿದ ಡಾ. ಜಿ. ವೆಂಕಟಸ್ವಾಮಿಯವರು, ಸರಕಾರಿ ಸೇವೆಯಿಂದ ನಿವೃತ್ತರಾದ ಬಳಿಕ, 1976ರಲ್ಲಿ ಹನ್ನೊಂದು ಹಾಸಿಗೆಗಳೊಡನೆ ಆರಂಭಿಸಿದ ಸಂಸ್ಥೆ ಅದು. ಭಾರತ ಸರಕಾರ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡದ್ದೂ ಅದೇ ವರ್ಷದಲ್ಲಿ.

ಈಗ ಶಸ್ತ್ರಚಿಕಿತ್ಸೆ ಶಾಲೆಯ ಕೊಠಡಿಯಲ್ಲಿ ನಡೆಯುವುದಿಲ್ಲ, ನಡೆಯಲೂ ಕೂಡದು. ಕಣ್ಣೊಳಗೆ ಸೋಂಕು ತಗಲಿದರೆ ಕೆಲವೇ ದಿನಗಳಲ್ಲಿ ಕಣ್ಣು ಶಾಶ್ವತವಾಗಿ ನಷ್ಟವಾಗುತ್ತದೆ. ತಾತ್ಕಾಲಿಕವಾದ ಸ್ಥಳಗಳಲ್ಲಿ ಗುಂಪಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಇದ್ದ ಅಲ್ಪದೃಷ್ಟಿಯನ್ನೂ ಕಳೆದುಕೊಂಡವರ ದುಃಖ ನಮ್ಮ ದೇಶದಲ್ಲಿ ಒಂದೆರಡು ಬಾರಿಯಲ್ಲ ಕೇಳಿಬಂದಿದೆ. ಆದಕಾರಣ ಊರಿನಲ್ಲಿ ನಡೆಯುವುದು ತಪಾಸಣೆ ಮಾತ್ರ. ಆಯ್ಕೆಯಾದವರನ್ನು ಬಸ್ಸಿನಲ್ಲಿ ಸುಸಜ್ಜಿತವಾದ ಕಣ್ಣಾಸ್ಪತ್ರೆಗೆ ಕರೆದೊಯ್ದು, ಅಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ಮರಳಿ ತಂದುಬಿಡುವುದು ಈಗಿನ ಪದ್ಧತಿ. ಹೊಲಿಗೆಯ ಅವಶ್ಯಕತೆಯಿಲ್ಲದ ಚಿಕ್ಕ ಗಾಯದ ಮೂಲಕ ಹದಿನೈದು ನಿಮಿಷಗಳೊಳಗೆ ಹಳೆಯ ಮಸೂರ ಹೊರಬಂದು ಹೊಸದು ಒಳಹೋಗುತ್ತದೆ. ಮರುದಿನ ಪಟ್ಟಿ ಬಿಚ್ಚುತ್ತಾರೆ. ಸರಕಾರೇತರ ಆಸ್ಪತ್ರೆಗಳಿಗೆ ಇಂತಹ ಉಚಿತ ಶಸ್ತ್ರಚಿಕಿತ್ಸೆಗೆ ರಾಷ್ಟ್ರೀಯ ಕಾರ್ಯಕ್ರಮದಿಂದ ತಲಾ ಇಷ್ಟೆಂದು ಸಹಾಯಧನವೂ ದೊರೆಯುತ್ತದೆ. ಹೀಗಾಗಿ ಸಂಘದ ಮೇಲೆ ಬೀಳುವ ವೆಚ್ಚ ಬಹುಮಟ್ಟಿಗೆ ಪ್ರಚಾರದ್ದು, ಪ್ರಯಾಣದ್ದು, ಊಟದ್ದು. ಶ್ರೀಮಂತರ ಸಂಘಗಳಿಗೆ ಮಾತ್ರ ಕಣ್ಣಿನ ಶಿಬಿರ ಸಾಧ್ಯವೆಂಬ ಭಾವನೆ ನಿರಾಧಾರವಾದದ್ದು. ಹಳ್ಳಿಯ ಯುವಕ ಮಂಡಲವಾಗಲಿ ಮಹಿಳಾ ಮಂಡಲವಾಗಲಿ ಇದನ್ನು ಚೆನ್ನಾಗಿಯೇ ನಡೆಸಬಲ್ಲದು.

ಹಾಗಾದರೆ ಸಂಘದ ಕೆಲಸ ಸುಲಭವಾಯಿತೆ? ಇಲ್ಲ; ಅದು ಕಣ್ಣಿಗೆ ಕಾಣಿಸದ ಕಡೆಗೆ ಸರಿಯಿತು. ಕರಪತ್ರಗಳನ್ನು ಹಂಚಿ, ಸಂತೆಯ ದಿನ ಆಟೋರಿಕ್ಷಾಕ್ಕೆ ಧ್ವನಿವರ್ಧಕ ಕಟ್ಟಿ ಬೀದಿಬೀದಿಯಲ್ಲಿ ಸಾರಿಸಿದರೆ ಜನ ಬರುತ್ತಾರೆ, ನಿಜ. ಆದರೆ ಬರುವವರು ಕರಪತ್ರವನ್ನು ಓದಬಲ್ಲವರು, ಸಂತೆಗೆ ನಡೆದುಬರಬಲ್ಲವರು, ಎಂದರೆ ಅಷ್ಟಿಷ್ಟು ಕಾಣುವವರು. ನಿಜವಾಗಿ ಕಾಣದವನು ಸಂತೆಗೆ ಬರುವುದಿಲ್ಲ, ಕರಪತ್ರ ಅವನಿಗಾಗಿ ಅಚ್ಚಾದದ್ದಲ್ಲ. ಅವನ ಮನೆಯ ಬಾಗಿಲಿಗೆ ಯಾರಾದರೂ ಹೋಗಬೇಕು. ಹಳ್ಳಿಯ ಆಶಾ ಕಾರ್ಯಕರ್ತೆಗೆ, ಅಂಗನವಾಡಿಯ ಶಿಕ್ಷಕಿಗೆ, ಹಾಲಿನ ಡೈರಿಯ ಕಾರ್ಯದರ್ಶಿಗೆ, ಅಂಚೆಯವನಿಗೆ ಯಾವ ಮನೆಯಲ್ಲಿ ಯಾರು ತಡವರಿಸುತ್ತಿದ್ದಾರೆಂಬುದು ಗೊತ್ತಿರುತ್ತದೆ. ಇವರನ್ನು ಮುಂಚಿತವಾಗಿ ಕಂಡು ಹೆಸರುಗಳನ್ನು ಬರೆದುಕೊಳ್ಳುವ ಸಂಘದ ಶಿಬಿರಕ್ಕೂ, ಬ್ಯಾನರು ಕಟ್ಟಿ ಕಾದುಕೊಂಡಿರುವ ಸಂಘದ ಶಿಬಿರಕ್ಕೂ ಅಂತರ ಅಜಗಜ.

ಬಾಗಿಲಿಗೆ ಹೋದಾಗ ಎದುರಾಗುವ ಮಾತುಗಳು ಎಲ್ಲ ಊರುಗಳಲ್ಲಿಯೂ ಬಹುತೇಕ ಒಂದೇ. “ಕಾಡು ಬಾ ಅಂತೈತೆ, ಊರು ಹೋಗು ಅಂತೈತೆ, ಈಗ ನನಗ್ಯಾಕಪ್ಪಾ ಕಣ್ಣು?” ಎಂದು ಅಜ್ಜಿ ಹೇಳುತ್ತಾಳೆ. ಈ ಮಾತನ್ನು ವೈರಾಗ್ಯವೆಂದು ತಿಳಿದು ಹಿಂದಿರುಗುವುದು ತಪ್ಪು. ಅದರ ಹಿಂದೆ ಮಗನಿಗೆ ಒಂದು ದಿನದ ಕೂಲಿ ತಪ್ಪೀತೆಂಬ ಸಂಕೋಚವಿದೆ, ಎಮ್ಮೆಗೆ ಹುಲ್ಲು ಹಾಕುವವರಾರೆಂಬ ಚಿಂತೆಯಿದೆ, ಇದ್ದ ಮಸುಕು ಬೆಳಕೂ ಹೋದರೆ ಗತಿಯೇನೆಂಬ ಭೀತಿಯಿದೆ. ವಿದ್ಯಾವಂತನಾದ ಸಂಘದ ಕಾರ್ಯದರ್ಶಿ ಎಷ್ಟು ವಿವರಿಸಿದರೂ ಕರಗದ ಆ ಭೀತಿ, ಹಿಂದಿನ ವರ್ಷ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಪಕ್ಕದ ಕೇರಿಯ ಹೆಂಗಸು ಬಂದು, “ನಂಗೂ ಹಿಂಗೇ ಭಯ ಇತ್ತು ಕಣಕ್ಕಾ. ಈಗ ನೋಡು, ಅಕ್ಕಿ ನಾನೇ ಆರಿಸ್ತೀನಿ” ಎಂದೊಡನೆ ಅರ್ಧಕ್ಕರ್ಧ ಇಳಿದುಹೋಗುತ್ತದೆ. ಕಣ್ಣು ಬಂದವರೇ ಇನ್ನೊಬ್ಬರನ್ನು ಕರೆತರುವಂತೆ ಮಾಡುವುದು ಪ್ರಚಾರದ ಮಾರ್ಗಗಳಲ್ಲೆಲ್ಲ ಶ್ರೇಷ್ಠವಾದದ್ದು. ಹೆಂಗಸರ ವಿಷಯದಲ್ಲಿ ಇದರ ಅಗತ್ಯ ಇಮ್ಮಡಿ. ಪೊರೆ ಅವರಲ್ಲಿ ಕಡಮೆಯೇನೂ ಇಲ್ಲದಿದ್ದರೂ ಚಿಕಿತ್ಸೆಗೆ ಮುಂದೆ ಬರುವುದು, ಅಥವಾ ಅವರನ್ನು ಮುಂದೆ ತರುವುದು, ಗಂಡಸರ ತರುವಾಯವೇ ಎಂಬುದು ಅನೇಕ ಸಮೀಕ್ಷೆಗಳಲ್ಲಿ ಕಂಡುಬಂದ ಖೇದಕರವಾದ ಸತ್ಯ. ಸಂಘದ ಮಹಿಳಾ ಸದಸ್ಯರು ಅಡುಗೆಯ ಏರ್ಪಾಟಿಗೆ ಮಾತ್ರ ಸೀಮಿತರಾಗದೆ ಮನೆಮನೆಗೆ ಹೋಗುವ ಕಾರ್ಯದ ಮುಂದಾಳುಗಳಾಗಬೇಕಾದದ್ದು ಇದಕ್ಕಾಗಿಯೇ.

ತಪಾಸಣೆಯ ದಿನ ಬೆಳಗಿನಿಂದಲೇ ಸಾಲು ನಿಲ್ಲುತ್ತದೆ. ಹೆಸರು, ವಯಸ್ಸು, ಆಧಾರ್ ಕಾರ್ಡಿನ ಪ್ರತಿ, ಆಮೇಲೆ ಅಕ್ಷರಫಲಕ, ಅಕ್ಷರ ಬಾರದವರಿಗೆ ಗೀಟುಗಳ ಮುಖ ಯಾವ ಕಡೆಗಿದೆಯೆಂದು ಕೈಯಿಂದ ತೋರಿಸುವ ಫಲಕ, ಆಮೇಲೆ ಬಿ.ಪಿ., ಸಕ್ಕರೆ, ಕಣ್ಣಿನ ಒತ್ತಡ. ಇಲ್ಲಿ ಸ್ವಯಂಸೇವಕನ ಮನಸ್ಸನ್ನು ಪರೀಕ್ಷಿಸುವ ಇಬ್ಬರು ಬರುತ್ತಾರೆ. ಸಕ್ಕರೆ ಹೆಚ್ಚಾಗಿರುವುದರಿಂದ ಈಗ ಶಸ್ತ್ರಚಿಕಿತ್ಸೆ ಬೇಡ, ಹತೋಟಿಗೆ ಬಂದ ಮೇಲೆ ಬಾ ಎಂದು ಹೇಳಿಸಿಕೊಂಡವನು ಮೊದಲನೆಯವನು. ಅವನ ಹೆಸರನ್ನು ಬೇರೆಯಾಗಿ ಬರೆದಿಟ್ಟುಕೊಂಡು, ಮಾತ್ರೆ ತೆಗೆದುಕೊಳ್ಳುತ್ತಿರುವನೋ ಇಲ್ಲವೋ ನೋಡಿ, ಎರಡನೆಯ ಬಾರಿ ಕರೆದೊಯ್ಯುವ ಭಾರವನ್ನು ಯಾರೂ ಹೊರದಿದ್ದರೆ ಅವನು ಮತ್ತೆ ಬರುವುದಿಲ್ಲ. ಎರಡನೆಯವನು, ಕಣ್ಣಿನೊತ್ತಡದ ರೋಗವಾದ ಗ್ಲಾಕೋಮಾದಿಂದಲೋ ಅಕ್ಷಿಪಟಲದ ಹಾನಿಯಿಂದಲೋ ದೃಷ್ಟಿ ಹೋದವನು. ಹೋದ ದೃಷ್ಟಿಯನ್ನು ಯಾವ ಶಸ್ತ್ರಚಿಕಿತ್ಸೆಯೂ ಅವನಿಗೆ ಮರಳಿಸದು. ಎಲ್ಲರಂತೆ ಆಸೆಯಿಂದ ಬಂದು, ಬಸ್ಸಿಗೆ ಹೆಸರು ಕೂಗುವಾಗ ತನ್ನ ಹೆಸರು ಬಾರದೆ ಕುಳಿತಿರುವ ಅವನ ಬಳಿಗೆ ಹೋಗಿ, ನಿಜವನ್ನು ಮೃದುವಾಗಿ ಹೇಳಿ, ಉಳಿದ ದೃಷ್ಟಿಯನ್ನು ಉಳಿಸಿಕೊಳ್ಳಲು ಹನಿಯನ್ನು ಬಿಡದೆ ಹಾಕಿಕೊಳ್ಳಬೇಕೆಂಬುದನ್ನೂ, ಅಂಗವೈಕಲ್ಯದ ಪ್ರಮಾಣಪತ್ರ ಮತ್ತು ಮಾಸಾಶನಕ್ಕೆ ಯಾವ ಕಚೇರಿಗೆ ಅರ್ಜಿ ಹಾಕಬೇಕೆಂಬುದನ್ನೂ ತಿಳಿಸಿ, ಸಾಧ್ಯವಾದರೆ ಅರ್ಜಿಯನ್ನು ತಾನೇ ಬರೆದುಕೊಡುವ ಸದಸ್ಯ ಮಾಡುವ ಸೇವೆ ವರದಿಯಲ್ಲಿ ಯಾವ ಅಂಕಣಕ್ಕೂ ಸೇರುವುದಿಲ್ಲ. ಆದರೆ ಶಿಬಿರದ ಮಾನವೀಯತೆಯ ಅಳತೆಗೋಲು ಅದೇ ಎಂದು ನಾನು ಹೇಳುವೆನು.

ಇನ್ನು ಶಸ್ತ್ರಚಿಕಿತ್ಸೆಯ ಅನಂತರದ ವಿಷಯ. ನನ್ನ ದೃಷ್ಟಿಯಲ್ಲಿ ನಮ್ಮ ಸಂಘಗಳು ಹಿಂದೆ ಬೀಳುತ್ತಿರುವುದು ಇಲ್ಲಿಯೇ. ಕಪ್ಪು ಕನ್ನಡಕ ಧರಿಸಿ, ಕೈಯಲ್ಲಿ ಹಣ್ಣಿನ ಪೊಟ್ಟಣ ಹಿಡಿದು, ಪದಾಧಿಕಾರಿಗಳ ನಡುವೆ ಸಾಲಾಗಿ ಕುಳಿತ ವೃದ್ಧರ ಭಾವಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಬರಲಿ, ಅದನ್ನು ಕಂಡು ಇನ್ನೊಂದು ಊರು ಉತ್ಸಾಹಗೊಂಡರೆ ಒಳ್ಳೆಯದೇ. ಆದರೆ ಕಣ್ಣಿನ ಭವಿಷ್ಯ ನಿಶ್ಚಿತವಾಗುವುದು ಆ ಚಿತ್ರವನ್ನು ತೆಗೆದ ಮೇಲಿನ ನಾಲ್ಕಾರು ವಾರಗಳಲ್ಲಿ. ಹನಿಗಳನ್ನು ಮೊದಲು ದಿನಕ್ಕೆ ಹಲವು ಬಾರಿ, ಆಮೇಲೆ ಕ್ರಮೇಣ ಕಡಮೆ ಮಾಡುತ್ತ ಹಾಕಬೇಕು. ಕಣ್ಣಿಗೆ ನೀರು ಬೀಳಕೂಡದು, ಕಣ್ಣನ್ನು ಉಜ್ಜಕೂಡದು, ಒಲೆಯ ಹೊಗೆಯೂ ಹೊಲದ ದೂಳೂ ಕೂಡದು, ನೀರಿನ ಕೊಡವನ್ನೋ ಹುಲ್ಲಿನ ಹೊರೆಯನ್ನೋ ಎತ್ತಕೂಡದು. ಒಂಟಿಯಾಗಿ ಬಾಳುವ ಮುದುಕಿಗೆ ಈ ನಿಷೇಧಗಳಲ್ಲಿ ಯಾವುದನ್ನು ಪಾಲಿಸಲು ಸಾಧ್ಯ? ಹನಿಯನ್ನು ಹಾಕುವವರಾರು, ಒಲೆ ಹಚ್ಚುವವರಾರು? ನೆರೆಮನೆಯ ಶಾಲೆಯ ಹುಡುಗಿಯೊಬ್ಬಳಿಗೆ ಹನಿ ಹಾಕುವ ಕ್ರಮವನ್ನು ಕಲಿಸಿ ಒಪ್ಪಿಸುವುದು, ಒಂದು ವಾರ ಊಟವನ್ನು ಎಲ್ಲಿಂದಲಾದರೂ ಒದಗಿಸುವುದು, ಕಣ್ಣು ಕೆಂಪಾಗಿ ನೋವು ಬಂದರೆ ಆ ದಿನವೇ ಆಸ್ಪತ್ರೆಗೆ ಒಯ್ಯುವ ವಾಹನ ಯಾರದೆಂದು ಮೊದಲೇ ಗೊತ್ತುಮಾಡಿಡುವುದು, ತಿಂಗಳಾದ ಮೇಲೆ ಕನ್ನಡಕದ ನಂಬರಿಗಾಗಿ ಎಲ್ಲರನ್ನೂ ಪುನಃ ಒಂದೆಡೆ ಸೇರಿಸುವುದು, ಇವುಗಳಿಗೆ ಹಣ ಬೇಕಾದದ್ದು ಅಲ್ಪ. ನೆನಪಿಟ್ಟುಕೊಂಡು ಹೋಗುವ ಮನಸ್ಸು ಬೇಕಾದದ್ದು ಅಧಿಕ.

ಈ ನೆನಪು ಜಾರಿಹೋಗಲು ಸಂಘಗಳ ರಚನೆಯಲ್ಲಿಯೇ ಒಂದು ಕಾರಣವುಂಟು. ಜುಲೈ ತಿಂಗಳಿನಲ್ಲಿ ಪದಗ್ರಹಣ ಮಾಡಿದ ಅಧ್ಯಕ್ಷರು ಜೂನ್ ಮುಗಿಯುತ್ತಲೇ ಅಧಿಕಾರವನ್ನು ಬಿಟ್ಟುಕೊಡುತ್ತಾರೆ. ಅಧಿಕಾರ ಒಬ್ಬರಲ್ಲಿಯೇ ನೆಲಸದಂತೆ ನೋಡಿಕೊಳ್ಳುವ ಈ ನಿಯಮ ಒಳ್ಳೆಯದು. ಅದರಿಂದಲೇ ಅಂಗಡಿಯವರೂ ಮೇಷ್ಟರೂ ಸರದಿಯ ಮೇಲೆ ಮುಂದಾಳುಗಳಾಗುವರು. ಆದರೆ ತನ್ನ ವರ್ಷದಲ್ಲಿ ಹೊಸದೇನನ್ನಾದರೂ ಮಾಡಬೇಕೆಂಬ ಹಂಬಲದಲ್ಲಿ ಹಿಂದಿನವರು ಹಿಡಿದ ಕೆಲಸ ಅರ್ಧಕ್ಕೆ ನಿಲ್ಲುವುದು ದೊಡ್ಡ ನಷ್ಟ. ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆಯಾದವನ ಇನ್ನೊಂದು ಕಣ್ಣು ಮುಂದಿನ ಅಧ್ಯಕ್ಷರ ಅವಧಿಯಲ್ಲಿ ಪಕ್ವವಾಗುತ್ತದೆ. ಆದುದರಿಂದ ಪದಾಧಿಕಾರಿಗಳು ಬದಲಾದರೂ ಬದಲಾಗದ ಒಂದು ದಪ್ಪ ರಿಜಿಸ್ಟರು, ಅದನ್ನು ಹತ್ತು ವರ್ಷ ನಿಷ್ಠೆಯಿಂದ ಇಟ್ಟುಕೊಂಡು ಬರುವ ಒಬ್ಬ ಸದಸ್ಯ, ಇವೆರಡು ಇರುವ ಸಂಘ, ವರ್ಷಕ್ಕೊಂದು ಭಾರಿ ಸಮಾರಂಭ ಮಾಡುವ ಸಂಘಕ್ಕಿಂತ ನಾಡಿಗೆ ಹೆಚ್ಚು ಉಪಕಾರಿ. ದೀರ್ಘಕಾಲ ಒಂದೇ ಕಾರ್ಯಕ್ಕೆ ಅಂಟಿಕೊಂಡರೆ ಏನಾಗಬಲ್ಲದೆಂಬುದಕ್ಕೆ ರೋಟರಿಯ ಪೋಲಿಯೋ ಕಾರ್ಯವೇ ನಿದರ್ಶನ: 1985ರಲ್ಲಿ ಕೈಗೆತ್ತಿಕೊಂಡ ಆ ವ್ರತವನ್ನು ಅಧ್ಯಕ್ಷರ ಮೇಲೆ ಅಧ್ಯಕ್ಷರು ಬದಲಾದರೂ ಸಂಸ್ಥೆ ಬಿಡಲಿಲ್ಲ, ಸರಕಾರ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್‌ಗಳೊಡನೆ ಕೈಗೂಡಿಸಿ ಬೂತುಗಳಲ್ಲಿ ಲಸಿಕೆಯ ಹನಿ ಹಾಕಿಸುತ್ತಲೇ ಹೋಯಿತು, 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಮಗುವಿನಲ್ಲಿ ಕಂಡದ್ದೇ ಭಾರತದ ಕೊನೆಯ ಸ್ವಾಭಾವಿಕ ಪೋಲಿಯೋ ಪ್ರಕರಣವಾಯಿತು.

ಕನ್ನಡಕದ ಮಾತನ್ನು ಸಂಕ್ಷೇಪವಾಗಿಯಾದರೂ ಹೇಳಬೇಕು. ನಲವತ್ತು ದಾಟಿದವರಿಗೆ ಹತ್ತಿರದ ವಸ್ತು ಮಸುಕಾಗುವುದು ಪ್ರಕೃತಿನಿಯಮ. ಸೂಜಿಗೆ ದಾರ ಪೋಣಿಸಲಾರದ ದರ್ಜಿ, ಎಳೆ ಎಣಿಸಲಾರದ ಇಳಕಲ್ಲಿನ ನೇಕಾರ, ಕಾಳಿನಲ್ಲಿ ಕಲ್ಲು ಕಾಣದ ಗೃಹಿಣಿ, ಇವರಿಗೆ ಬೇಕಾದದ್ದು ಅಲ್ಪಬೆಲೆಯ ಒಂದು ಕನ್ನಡಕ. ಅಸ್ಸಾಮಿನ ಚಹಾ ತೋಟದ ಕೆಲಸಗಾರರಿಗೆ ಇಂತಹ ಕನ್ನಡಕ ಕೊಟ್ಟು ನಡೆಸಿದ, 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕನ್ನಡಕ ಪಡೆದವರ ಎಲೆ ಕೀಳುವ ಸಾಮರ್ಥ್ಯ ಪಡೆಯದವರಿಗಿಂತ ಶೇಕಡ 20ಕ್ಕೂ ಮಿಕ್ಕಿ ಹೆಚ್ಚಿತು. ಹಿಂದಿನ ಬೆಂಚಿನಲ್ಲಿ ಕುಳಿತು ಕಪ್ಪುಹಲಗೆ ಕಾಣದೆ, ದಡ್ಡನೆನ್ನಿಸಿಕೊಳ್ಳುತ್ತಿರುವ ಹುಡುಗನಿಗೂ ಅಷ್ಟೇ ಬೇಕಾಗಿರುವುದು.

ಶಿಬಿರದಿಂದ ಪರಿಹಾರವಾಗದ ಇನ್ನೊಂದು ಅಂಧತ್ವವುಂಟು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯ ಗಾಯದಿಂದಲೋ ಹುಣ್ಣಿನಿಂದಲೋ ಬೆಳ್ಳಗಾದಾಗ ಬರುವಂಥದು. ಅದಕ್ಕೆ ಮೃತರ ಕಣ್ಣೇ ಬೇಕು. ನಟ ರಾಜ್‌ಕುಮಾರ್ ಅವರು 2006ರಲ್ಲಿ ನಿಧನರಾದಾಗ ಅವರ ನೇತ್ರಗಳನ್ನು ದಾನ ಮಾಡಲಾಯಿತು. 2021ರಲ್ಲಿ ಅಕಾಲಿಕವಾಗಿ ಅಗಲಿದ ಅವರ ಮಗ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳಿಂದ, ಕಾರ್ನಿಯದ ಪದರಗಳನ್ನು ಬೇರ್ಪಡಿಸಿ ಜೋಡಿಸುವ ನೂತನ ವಿಧಾನದ ಮೂಲಕ, ನಾಲ್ವರಿಗೆ ದೃಷ್ಟಿ ಬಂದಿತು. ಆ ದುಃಖದ ದಿನಗಳಲ್ಲಿ ನಾಡಿನ ಸಹಸ್ರಾರು ಜನ ನೇತ್ರದಾನದ ಪ್ರತಿಜ್ಞಾಪತ್ರಗಳನ್ನು ತುಂಬಿದರು. ಆದರೆ ಪ್ರತಿಜ್ಞೆ ಕಾರ್ಯವಾಗುವುದು ಸಾವಿನ ಮನೆಯಲ್ಲಿ, ಅದೂ ಪ್ರಾಣ ಹೋದ ಆರು ಗಂಟೆಗಳೊಳಗೆ. ಆ ಹೊತ್ತಿನಲ್ಲಿ ಪ್ರತಿಜ್ಞಾಪತ್ರ ಎಲ್ಲಿದೆಯೆಂಬುದು ಯಾರಿಗೂ ನೆನಪಿರುವುದಿಲ್ಲ. ಅಪರಿಚಿತನಾದ ಅಧಿಕಾರಿ ಬಂದು ಕೇಳಲಾಗದು, ಕೇಳಿದರೂ ಸಲ್ಲದು. ಕೇಳಬಲ್ಲವನು ಆ ಮನೆಯವರ ಸುಖದುಃಖಗಳಿಗೆ ಆಗಿಬಂದವನು, ಅಂತ್ಯಕ್ರಿಯೆಯ ಸಾಮಗ್ರಿಯನ್ನು ತರಲು ತಾನಾಗಿ ಹೊರಟವನು, ಅದೇ ಬೀದಿಯವನು. ಅಂಥವರು ಸಂಘದ ಸದಸ್ಯರಾಗಿರುವ ಊರುಗಳಲ್ಲಿ ನೇತ್ರದಾನ ಮಾತಿನಲ್ಲಿ ನಿಲ್ಲದೆ ನಡೆದುಬರುತ್ತದೆ.

ಅಂತಹ ಸದಸ್ಯರು ಮನೆಯವರಿಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಪ್ರತಿಜ್ಞಾಪತ್ರ ಇಲ್ಲದಿದ್ದರೂ ಹತ್ತಿರದ ಬಂಧುಗಳ ಒಪ್ಪಿಗೆ ಸಾಕು. ಮೃತರಿಗೆ ಎಷ್ಟೇ ವಯಸ್ಸಾಗಿದ್ದರೂ, ಕನ್ನಡಕ ಧರಿಸುತ್ತಿದ್ದರೂ, ಪೊರೆಯ ಶಸ್ತ್ರಚಿಕಿತ್ಸೆಯಾಗಿದ್ದರೂ, ಸಕ್ಕರೆ ಕಾಯಿಲೆಯಿದ್ದರೂ ಕಣ್ಣು ಪ್ರಯೋಜನಕ್ಕೆ ಬರಬಹುದು. ರೇಬೀಸ್, ಏಡ್ಸ್, ಕಾಮಾಲೆಯ ಕೆಲವು ಬಗೆಗಳು ಮುಂತಾದ ಸೋಂಕಿನಿಂದ ತೀರಿಕೊಂಡವರದು ಮಾತ್ರ ಬಾರದು. ನೇತ್ರಭಂಡಾರಕ್ಕೆ ಫೋನು ಮಾಡಿದ ಕೂಡಲೆ ಕೋಣೆಯ ಫ್ಯಾನನ್ನು ಆರಿಸಬೇಕು, ರೆಪ್ಪೆಗಳನ್ನು ಮುಚ್ಚಿ ಮೇಲೆ ಒದ್ದೆಯ ಹತ್ತಿಯನ್ನಿಡಬೇಕು, ತಲೆಯ ಕೆಳಗೆ ದಿಂಬನ್ನಿಟ್ಟು ಸ್ವಲ್ಪ ಎತ್ತರಿಸಬೇಕು. ತಂತ್ರಜ್ಞರು ಮನೆಗೇ ಬರುತ್ತಾರೆ. ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಮುಖ ವಿಕಾರವಾಗುವುದಿಲ್ಲ, ಅಂತ್ಯಕ್ರಿಯೆಗೆ ತಡವೂ ಆಗುವುದಿಲ್ಲ, ಮನೆಯವರು ಕಾಸನ್ನೂ ಕೊಡಬೇಕಾದದ್ದಿಲ್ಲ. ಊರಿನ ಸಂಘ ತನ್ನ ಪ್ರತಿಯೊಬ್ಬ ಸದಸ್ಯನಿಗೂ ಇಷ್ಟನ್ನು ಕಲಿಸಿ, ಹತ್ತಿರದ ನೇತ್ರಭಂಡಾರದ ದೂರವಾಣಿ ಸಂಖ್ಯೆಯನ್ನು ಊರಿನ ಔಷಧದ ಅಂಗಡಿಗಳಲ್ಲಿಯೂ ರುದ್ರಭೂಮಿಯ ಗೋಡೆಯ ಮೇಲೂ ಬರೆಸಿಡಬಹುದು. ಅದಕ್ಕೆ ತಗಲುವ ಖರ್ಚು ಒಂದು ಡಬ್ಬಿ ಬಣ್ಣದ್ದು.